ಕೂತದ್ದಕ್ಕೆ

ನಮ್ಮ ಖಾನಾವಳಿಗೆ ಬೋರ್ಡಿಲ್ಲ.
ಬೈತಖೋಲಿನ ಇಳಿಜಾರಲ್ಲಿ
ಹುರಿದ ಬಂಗಡೆಯ ಹೊಗೆಯೇ ವಿಳಾಸ.
ಐದು ಮೇಜು, ಒಂದು ಫ್ಯಾನು,
ಫ್ಯಾನಿನಡಿಯ ಮೇಜಿಗೆ ಹನ್ನೆರಡಕ್ಕೇ ಜಗಳ.
ಉಣ್ಣುವವನ ಕುರ್ಚಿಯ ಹಿಂದೆ
ಮುಂದಿನವನು ನಿಂತಿರುತ್ತಾನೆ,
ಉಳಿದ ತುತ್ತುಗಳನ್ನು ಎಣಿಸುತ್ತ.
ಕೈ ತೊಳೆಯಲು ಎದ್ದರೆ ಮುಗಿಯಿತು,
ತಿರುಗುವಷ್ಟರಲ್ಲಿ ತಾಟೂ ಇಲ್ಲ, ಜಾಗವೂ ಇಲ್ಲ.

ಎರ್ಮಾನೊ ಬಂದದ್ದು ಅಂಥ ಒಂದು ಬುಧವಾರ,
ಗೋಕರ್ಣದಿಂದ ಬಸ್ಸಿಗೆ, ಒಬ್ಬನೇ.
ಅಲ್ಲಿಯ ದಂಡೆಯ ಚಪ್ಪರಗಳಲ್ಲಿ
ತನ್ನ ಇಟಲಿಯವರೇ ಕೂತು
ಅಂಟಂಟು ಪಾಸ್ತಾ ತರಿಸಿಕೊಂಡು
ಅದನ್ನೇ ಬೈಯುತ್ತ ತಿನ್ನುವುದು ನೋಡಿ ಸಾಕಾಯಿತಂತೆ.
(ಅರ್ಧ ಇಂಗ್ಲಿಷು, ಅರ್ಧ ಕೈ;
ನನಗೆ ತಿಳಿದದ್ದು ಇಷ್ಟು.)
ಚಿತ್ರವಿರುವ ಮೆನು ಕಂಡಲ್ಲಿ ಉಣ್ಣಬೇಡ,
ಹೊರಗೆ ನಿಂತು ಕರೆಯುವಲ್ಲಂತೂ ಬೇಡವೇ ಬೇಡ
ಎಂದು ಅವನ ಅಮ್ಮ ಹೇಳಿದ್ದಳಂತೆ.
ನಮ್ಮಲ್ಲಿ ಮೆನುವೇ ಇಲ್ಲ,
ಕರೆಯಲು ಯಾರಿಗೂ ಪುರುಸೊತ್ತಿಲ್ಲ.
ಅದಕ್ಕೇ ಒಳಗೆ ಬಂದ.

ಉಂಡ ರೀತಿ ಕೇಳಿ.
ಮೊದಲು ಬರೀ ಅನ್ನ, ಚಿಟಿಕೆ ಉಪ್ಪು ಹಾಕಿ.
ಅದು ಮುಗಿದ ಮೇಲೆ ಸಾರು, ಬಟ್ಟಲೆತ್ತಿ,
ಜುಮ್ಮನಕಾಯಿ ಕಚ್ಚಿ ಕಣ್ಣರಳಿಸಿ.
ಆಮೇಲೆ ನೊಗ್ಲಿ,
ಮುಳ್ಳನ್ನು ಬಾಚಣಿಗೆಯ ಹಾಗೆ ಇಡಿಯಾಗಿ ಎತ್ತಿಟ್ಟು.
ಕೊನೆಗೆ ಸೌತೆ, ಈರುಳ್ಳಿ.
ಒಂದರ ಮುಖ ಇನ್ನೊಂದಕ್ಕೆ ತೋರಿಸಲೇ ಇಲ್ಲ.
ಇಣುಕಿ ನೋಡಿದ ಲೀಲಾ ಮಾವಶಿ ಹಣೆ ಚಚ್ಚಿಕೊಂಡಳು:
"ಕಲಸೋಕೆ ಹೇಳೋ ಅವಂಗೆ,
ಪಾಲಾದ ಮನೆ ಹಾಗೆ ಉಣ್ತಾನಲ್ಲ!"

ಪಕ್ಕದ ಮೇಜಿನಲ್ಲಿ ಹುಬ್ಬಳ್ಳಿಯ ಹುಡುಗರು,
ದಂಡೆಯ ಯುದ್ಧನೌಕೆ ನೋಡಿ ಬಂದವರು,
ಸಿಗಡಿಯ ಮೇಲೆ ಚೀಸು ತುರಿದು ಕೊಡ್ತೀರೇನ್ರಿ ಎಂದರು.
ಎರ್ಮಾನೊ ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡ,
ಇನ್ನೊಂದರ ತೋರುಬೆರಳನ್ನು ಎತ್ತಿ ಅಲ್ಲಾಡಿಸಿದ.
ಅದೇ ಗಳಿಗೆ ಒಳಬಾಗಿಲಲ್ಲಿ
ಮಾವಶಿಯ ಅರಿಶಿನದ ಬೆರಳೂ ಅಲ್ಲಾಡುತ್ತಿತ್ತು.
ಮೀನಿನ ಜೊತೆ ಹಾಲು ಕೂಡಿದರೆ ತೊನ್ನು, ಇದು ಇವಳ ಶಾಸ್ತ್ರ.
ಅವನದು ಯಾವುದೋ, ಕೇಳಲಿಲ್ಲ.
ಎರಡು ಬೆರಳು ಗಾಳಿಯಲ್ಲಿ ಪರಸ್ಪರ ಕಂಡವು.
ಕೇಳದೆಯೇ ಇನ್ನೊಂದು ನೊಗ್ಲಿ ಬಂತು.

ಉಂಡಾದ ಮೇಲೆ ಹಾಲಿನ ಚಹ ಬೇಕೇ ಎಂದೆ.
ಮತ್ತೆ ಅದೇ ಬೆರಳು.

ಆದರೆ ಏಳಲಿಲ್ಲ ಪುಣ್ಯಾತ್ಮ.
ಹಿಂದೆ ನಿಂತವನು ಕೆಮ್ಮಿದ, ಕುರ್ಚಿ ಜಗ್ಗಿದ.
ಇವನು ತಿರುಗಿ, ಕೈ ಕುಲುಕಿ, ಹೆಸರು ಕೇಳಿದ!
ಬಡೇಸೋಪಿನ ತಟ್ಟೆಯಡಿ ಬಿಲ್ಲಿಟ್ಟೆ.
ಕತ್ತು ಹಿಡಿದು ದಬ್ಬಿದ ಹಾಗೆ ಬೆಚ್ಚಿದ.
ಕೇಳುವ ಮೊದಲೇ ಬಿಲ್ಲು ತರಬಾರದಂತೆ.
ಬೇಕೆನಿಸಿದಾಗ ಗಾಳಿಯಲ್ಲಿ ಬರೆಯಬೇಕು,
ಹೀಗೆ, ಸಹಿ ಹಾಕುವವರಂತೆ.
ಬರೆಯುವವರೆಗೂ ಮೇಜು ನಿನ್ನದು.

ಮೂರೂವರೆಗೆ ಬರೆದ.
ನೂರೆಂಬತ್ತು ಎಣಿಸಿ, ಇಪ್ಪತ್ತು ಬೇರೆ ಇಟ್ಟ.
ಟಿಪ್ಸಾ? ಅಲ್ಲವಂತೆ.
ಕೂತದ್ದಕ್ಕಂತೆ.
ಅವನ ಊರಲ್ಲಿ ಕೂತದ್ದಕ್ಕೂ ಬಿಲ್ಲಿನಲ್ಲಿ ಒಂದು ಸಾಲು,
ಪ್ರವಾಸಿಗಳು ಜಗಳ ತೆಗೆಯುವುದು ಆ ಸಾಲಿಗೇ.
ಊರಿನವರು ಕಾಫಿಯನ್ನು
ಗಲ್ಲೆಗೆ ಮೊಣಕೈ ಊರಿ ನಿಂತೇ ಮುಗಿಸುತ್ತಾರಂತೆ.

ಮಾವಶಿ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು:
"ಕೂತದ್ದಕ್ಕೆ ದುಡ್ಡು ಅಂದ್ರೆ
ದಿನಾ ಪೇಪರು ಓದೋ ಉಮಾಕಾಂತ ತಾಂಡೇಲ
ಮೂರೂ ದೋಣಿ ಮಾರಬೇಕಾದೀತು!"
ಇಪ್ಪತ್ತನ್ನು ಅವನ ಜೇಬಿಗೇ ತುರುಕಿದಳು.

ಹತ್ತೊಂಬತ್ತು ವರ್ಷ ಬಡಿಸಿದ್ದೇನೆ ಇಲ್ಲಿ.
ಉಂಡದ್ದು ಹಿತ್ತಿಲ ಮೆಟ್ಟಿಲಲ್ಲಿ,
ತಾಟು ತೊಡೆಯ ಮೇಲೆ.
ಅವತ್ತು ನಾಲ್ಕಕ್ಕೆ ಬಾಗಿಲು ಅರ್ಧ ಎಳೆದು
ಫ್ಯಾನಿನಡಿ ಕೂತೆ, ಒಂದು ಲೋಟ ಸೋಲಕಡಿಯೊಂದಿಗೆ.
ಇಲ್ಲಿ ಕೂತರೆ ಕಿಟಕಿಯಲ್ಲಿ
ಒಂದು ಗೇಣು ಸಮುದ್ರ ಕಾಣುತ್ತದೆ,
ಯಾವ ಗಿರಾಕಿಯೂ ಹೇಳಿರಲಿಲ್ಲ.
ಲೋಟ ಖಾಲಿಯಾದ ಎಷ್ಟೋ ಹೊತ್ತಿನ ಮೇಲೆ
ಕೈಯೆತ್ತಿ ಗಾಳಿಯಲ್ಲಿ ಬರೆದೆ, ಹೀಗೆ.

"ಏನೋ, ಸೊಳ್ಳೆಯಾ?"
ಒಳಗಿಂದ ಮಾವಶಿ.